ಊರಿಗೊಂದು ನಿಕ್ಷೇಪ

ನಮ್ಮ ಪೂರ್ವದ ದಾನಶಾಸನಗಳಲ್ಲಿ ಗ್ರಾಮವನ್ನು ದತ್ತಿ ಬಿಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ಹೆಸರಿಸುವುದು ವಾಡಿಕೆ. ಇವುಗಳಲ್ಲಿ ನಿಕ್ಷೇಪವೆಂದರೆ ಒಬ್ಬರು ಇರಿಸಿಟ್ಟ ವಸ್ತು. ಅದಕ್ಕೆ ಈ ಕಾಲದಲ್ಲಿ ವಿನೋದಕರವಾದ ಹೊಸ ರೂಪವೊಂದು ಬಂದಿದೆ. ಅದನ್ನು ಜಿಯೋಕ್ಯಾಶಿಂಗ್ ಎನ್ನುತ್ತಾರೆ.

ಒಬ್ಬನು ನೀರು ಹೊಗದ ಡಬ್ಬಿಯಲ್ಲಿ ಸಣ್ಣದೊಂದು ಪುಸ್ತಕವನ್ನಿಟ್ಟು, ತಕ್ಕ ಸ್ಥಳದಲ್ಲಿ ಮರೆಮಾಡಿ, ಅಲ್ಲಿಯ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾನೆ. ಮತ್ತೊಬ್ಬನು ಮೊಬೈಲಿನ ಸಹಾಯದಿಂದ ಅದನ್ನು ಹುಡುಕಿ, ತನ್ನ ಹೆಸರನ್ನು ಬರೆದು, ಮೊದಲಿದ್ದಂತೆಯೇ ಇರಿಸಿ ಬರುತ್ತಾನೆ. ಉಪಗ್ರಹಗಳ ಸಂಕೇತವನ್ನು ಸಾಮಾನ್ಯರಿಗೆ ಬೇಕೆಂದೇ ಮಸುಕು ಮಾಡುತ್ತಿದ್ದ ಅಮೆರಿಕ ಸರಕಾರವು 2000ನೆಯ ಇಸವಿಯ ಮೇ ತಿಂಗಳ ಮೊದಲಲ್ಲಿ ಆ ಕ್ರಮವನ್ನು ಕೈಬಿಟ್ಟಿತು. ಮೇ 3ರಂದೇ ಡೇವ್ ಅಲ್ಮರ್ ಎಂಬವರು ಆರೆಗಾನ್ ಸಂಸ್ಥಾನದಲ್ಲಿ ಮೊದಲನೆಯ ಡಬ್ಬವನ್ನು ಅಡಗಿಸಿದರು. ಇಂದು ಲೋಕದಲ್ಲಿ ಇಂತಹವು 30 ಲಕ್ಷವನ್ನು ಮೀರಿವೆ. ನಮ್ಮ ಹಳ್ಳಿಗಳ ಕಡೆಗೆ ಮಾತ್ರ ಬಲು ವಿರಳ.

ಇದರಿಂದ ನಮಗೇನು ಲಾಭವೆಂದು ವಾಚಕರು ಕೇಳಬಹುದು. ನಾನು ಬಹುಕಾಲ ಮಕ್ಕಳಿಗೆ ಭೂಗೋಳವನ್ನು ಹೇಳಿದವನು. ಅಮೆಜಾನ್ ನದಿಯನ್ನು ಪಟದಲ್ಲಿ ತಪ್ಪದೆ ತೋರಿಸುತ್ತಿದ್ದ ಹುಡುಗನು, ತನ್ನೂರ ಕೆರೆಯ ಕೋಡಿ ನೀರು ಯಾವ ಹಳ್ಳವನ್ನು ಸೇರುವುದೆಂದರೆ ಸುಮ್ಮನಾಗುತ್ತಿದ್ದನು. ತಪ್ಪು ಅವನದಲ್ಲ, ನಾಲ್ಕು ಗೋಡೆಗಳೊಳಗೆ ಪಾಠ ಮಾಡಿದ ನನ್ನದು. ಡಬ್ಬಿಯನ್ನಿಡಲು ಹೊರಟವನಾದರೋ ಗುಂಡುತೋಪು, ಕೆರೆಯಂಗಳ, ಹಳೆಯ ಕಾಲುದಾರಿಗಳನ್ನೆಲ್ಲ ತಿರುಗಿ ನೋಡಬೇಕು. ಹಿರಿಯರನ್ನು ಕೇಳಿ ಆ ಸ್ಥಳದ ವೃತ್ತಾಂತವನ್ನು ನಾಲ್ಕು ಸಾಲು ಬರೆಯಬೇಕು. ಕೇಳಿ ಬರೆಯದಿದ್ದರೆ ಆ ವೃತ್ತಾಂತವು ಹಿರಿಯರೊಡನೆಯೇ ಹೋಗುವುದು. ಮಳೆಗಾಲ ಕಳೆದ ಮೇಲೆ ಡಬ್ಬಿಯು ಸರಿಯಾಗಿದೆಯೇ ಎಂದು ನೋಡುವುದೂ ಇಟ್ಟವನ ಹೊಣೆ. ದೂರದಿಂದ ಬಂದು ಹೋಗುವವರಿಂದ ಇದು ಆಗದು. ಊರಿನವರೇ ಮಾಡತಕ್ಕ ಕೆಲಸ.

ಒಂದು ಎಚ್ಚರಿಕೆಯುಂಟು. ನಿಧಿಯಾಸೆಯಿಂದ ಗುಡಿಗಳನ್ನೂ ವೀರಗಲ್ಲುಗಳನ್ನೂ ಅಗೆದು ಕೆಡಿಸುವ ದುರುಳರು ನಮ್ಮಲ್ಲಿದ್ದಾರೆ. ಪೊದೆಯಲ್ಲಿ ತಡಕಾಡುವ ಅಪರಿಚಿತನನ್ನು ಹಳ್ಳಿಗರು ಶಂಕಿಸುವುದು ಸಹಜವೇ. ಆದುದರಿಂದ ದೇವಾಲಯ, ಸ್ಮಾರಕಗಳ ಹತ್ತಿರ ಇಡಬಾರದು; ನೆಲವನ್ನು ಅಗೆಯಲಾಗದು; ತಿನಿಸನ್ನು ಇಡಲಾಗದು. ಭೂಮಿಯ ಒಡೆಯನ ಅನುಮತಿಯನ್ನು ಮೊದಲು ಪಡೆಯಬೇಕು, ಅಷ್ಟಭೋಗವು ಅವನದಲ್ಲವೆ? ಇದು ಆಟದ ವಸ್ತುವೆಂಬ ಕನ್ನಡದ ಚೀಟಿಯೊಂದು ಡಬ್ಬಿಯೊಳಗಿರಲಿ.

ಬರುವ ರಜೆಯಲ್ಲಿ ಗೃಹಸ್ಥರು ಮಕ್ಕಳನ್ನು ಕರೆದುಕೊಂಡು ತಮ್ಮೂರಿಗೆ ಹೋಗಿ ಒಂದೇ ಒಂದು ಡಬ್ಬಿಯನ್ನಿಟ್ಟು ನೋಡಲಿ. ಅದನ್ನು ಹುಡುಕಿ ಯಾರು ಬರುವರೋ ತಿಳಿಯದು; ಇಟ್ಟ ಮಕ್ಕಳಿಗಂತೂ ಊರು ದೊರೆಯುವುದು.