ಬಹುಮಾನ ಅಂಕಕ್ಕಲ್ಲ, ಅಳತೆಗೆ

ಪುಣೆಯ ನಮ್ಮ ಕನ್ನಡ ಬಳಗ ಹತ್ತು, ಹನ್ನೆರಡನೇ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಪ್ರತಿವರ್ಷ ಬಹುಮಾನ ಕೊಡುತ್ತದೆ. ಈ ಸಲ ಹಿರಿಯ ಸದಸ್ಯರೊಬ್ಬರು, ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರ ನೆನಪಿನಲ್ಲೂ ಒಂದು ಬಹುಮಾನವಿರಲಿ ಎಂದು ಹಣ ಮುಂದಿಟ್ಟರು. ‘ವಿಜ್ಞಾನದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಕೊಡೋಣ’ ಎಂಬ ಸಲಹೆ ಬಂದಾಗ ನಾನು ತಕರಾರು ತೆಗೆದೆ. ಅಂತರ್ಜಲ ಸಮೀಕ್ಷೆ ನನ್ನ ಹೊಟ್ಟೆಪಾಡು, ಸುಮ್ಮನಿರಲಾಗಲಿಲ್ಲ.

1918ರಲ್ಲಿ ಹುಟ್ಟಿದ ರಾಧಾಕೃಷ್ಣ ಅವರು ಮೈಸೂರು ಭೂವಿಜ್ಞಾನ ಇಲಾಖೆ ಸೇರಿ, ಅದರ ನಿರ್ದೇಶಕರಾದರು. 1958ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸಂಘದ ಸಂಸ್ಥಾಪಕರಲ್ಲಿ ಒಬ್ಬರು. ಅದರ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದರು. 1991ರಲ್ಲಿ ಪದ್ಮಶ್ರೀ ಬಂತು. 2012ರಲ್ಲಿ ತೀರಿಕೊಂಡರು. ಅದಿರಿನಷ್ಟೇ ಗಂಭೀರವಾಗಿ ನೀರನ್ನೂ ಕಂಡವರು, ಅಂತರ್ಜಲದ ಬಗ್ಗೆ ಕನ್ನಡದಲ್ಲೂ ಬರೆದವರು. ಇಂಥವರ ಹೆಸರಿನ ಬಹುಮಾನ ಅಂಕಪಟ್ಟಿ ನೋಡಿ ಕೊಡುವಂಥದ್ದೇ?

ನಮ್ಮ ಬಯಲುಸೀಮೆಯ ಅಡಿಯಲ್ಲಿ ಗ್ರಾನೈಟ್, ನೈಸ್ ಶಿಲೆಗಳಿವೆ. ಪುಣೆಯ ಅಡಿಯಲ್ಲಿ ಬಸಾಲ್ಟ್. ಎಲ್ಲವೂ ಗಟ್ಟಿ ಕಲ್ಲೇ. ಕೆಳಗೆಲ್ಲೋ ನದಿ ಹರಿಯುತ್ತಿದೆ ಎಂದು ನಂಬಿ ಬೋರ್ ಕೊರೆಸುವವರು ಎರಡೂ ಕಡೆ ಇದ್ದಾರೆ. ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕುಗಳೇ ಕಡಿಮೆ. ಪಕ್ಕದ ಹೊಲದಲ್ಲಿ ಎರಡಿಂಚು ನೀರು ಬಿದ್ದರೆ ನಮ್ಮಲ್ಲಿ ಬರೀ ಧೂಳು ಏಳುವುದು ಅದಕ್ಕೇ. ತೆಂಗಿನಕಾಯಿ ಹಿಡಿದು ನೀರು ತೋರಿಸುವವರಿಗೆ ಕೆಲಸ ತಪ್ಪದಿರುವುದೂ ಅದಕ್ಕೇ ಇರಬೇಕು!

ನಂಬಬಹುದಾದದ್ದು ಅಳತೆ, ಅದೂ ಮತ್ತೆ ಮತ್ತೆ ಮಾಡಿದ ಅಳತೆ. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ಮಳೆಗೆ ಮುಂಚಿನ ಮಟ್ಟವನ್ನೂ ನಂತರದ ಮಟ್ಟವನ್ನೂ ಹೋಲಿಸಿದರೆ ಎಷ್ಟು ಇಂಗಿತು ಎಂಬ ಅಂದಾಜು ಸಿಗುತ್ತದೆ. ಗಟ್ಟಿ ಕಲ್ಲಿನ ನೆಲ ಬಿಟ್ಟುಕೊಡುವ ನೀರು ಅದರ ಗಾತ್ರದ ನೂರಕ್ಕೆ ಎರಡರ ಆಸುಪಾಸು. ಬಾವಿಯಲ್ಲಿ 3 ಮೀಟರ್ ನೀರು ಏರಿತೆಂದು ನಾವು ಹಿಗ್ಗುತ್ತೇವೆ. ನೆಲದಲ್ಲಿ ಕೂಡಿಬಿದ್ದದ್ದು 6 ಸೆಂಟಿಮೀಟರ್ ನೀರಷ್ಟೇ.

ಹಾಗಾಗಿ ನನ್ನ ಸಲಹೆ ಹೀಗಿತ್ತು: ಬೇಸಿಗೆ ರಜೆಗೆ ಊರಿಗೆ ಹೋದ ಮಕ್ಕಳು ಅಜ್ಜನ ಮನೆಯ ತೆರೆದ ಬಾವಿಗೆ ಚಾಕ್ ಬಳಿದ ಟೇಪು ಇಳಿಬಿಟ್ಟು, ಒದ್ದೆಯಾದ ಗುರುತು ನೋಡಿ ಬರೆದುಕೊಳ್ಳಲಿ. ದೀಪಾವಳಿಗೆ ಹೋದಾಗ ಮತ್ತೊಮ್ಮೆ ಅಳೆಯಲಿ. ಏರಿಳಿತ ಏಕೆಂದು ಎರಡು ಪುಟ ಬರೆಯಲಿ.

‘ನಮ್ಮೂರ ಬಾವಿ ಒಣಗಿ ಹತ್ತು ವರ್ಷವಾಯ್ತಲ್ಲ ಸ್ವಾಮಿ’ ಎಂದರೊಬ್ಬರು. ಒಣಗಿದ ಬಾವಿಯ ಅಳತೆಯೂ ಅಳತೆಯೇ ಎಂದೆ.

ಹಣ ಕೊಟ್ಟವರು ಅಲ್ಲಿಯವರೆಗೆ ಮಾತಾಡಿರಲಿಲ್ಲ. ಕೋಲಾರದ ಕಡೆಯವರು. ಅವರ ತಂದೆ ಸಾಲ ಮಾಡಿ ಒಂದರ ಮೇಲೊಂದು ಏಳು ಬೋರ್ ಕೊರೆಸಿ, ಕಡೆಗೆ ಜಮೀನನ್ನೇ ಮಾರಿದರಂತೆ. ‘ಮೂರನೇ ಬೋರಿನ ಹೊತ್ತಿಗೆ ಇಂಥದ್ದೊಂದು ಲೆಕ್ಕ ಕೈಯಲ್ಲಿದ್ದಿದ್ದರೆ ಅಪ್ಪ ಅಲ್ಲಿಗೇ ನಿಲ್ಲಿಸುತ್ತಿದ್ದರೇನೋ’ ಎಂದರು. ಆಮೇಲೆ ಅಂಕದ ಮಾತು ಯಾರೂ ಎತ್ತಲಿಲ್ಲ.

ಬಹುಮಾನ ರಾಜ್ಯೋತ್ಸವದಂದು. ಹೊರನಾಡಿನಲ್ಲಿ ಅದು ನವೆಂಬರ್ ಕೊನೆಯವರೆಗೂ ನಡೆಯುವುದರಿಂದ ದೀಪಾವಳಿಯ ಅಳತೆ ತಲುಪಲು ಸಮಯವಿದೆ. ಟೇಪು ಬಳಗದ್ದೇ. ದೊಡ್ಡವರು ಜೊತೆಗಿಲ್ಲದೆ ಯಾವ ಮಗುವೂ ಬಾವಿಕಟ್ಟೆ ಹತ್ತಿರ ಹೋಗಕೂಡದು ಎಂಬ ಷರತ್ತನ್ನು ತಾಯಂದಿರು ಸೇರಿಸಿದ್ದಾರೆ.