ಕೆಲಸಕ್ಕೆ ಕಾಯಲೂ ತಾಕತ್ತು ಬೇಕು

ಸೊಲ್ಲಾಪುರ–ವಿಜಯಪುರ ರಸ್ತೆಯ ಮಂದ್ರೂಪದಂಥ ಊರಲ್ಲಿ ನಿರುದ್ಯೋಗಿ ಯಾರು? ಹೊಲವಿಲ್ಲದ ಕೂಲಿಕಾರರಲ್ಲ. ಅವರಿಗೆ ಸುಮ್ಮನೆ ಕೂರುವುದೇ ಸಾಧ್ಯವಿಲ್ಲ. ಜೋಳದ ಕಟಾವೋ ಕಬ್ಬಿನ ಗ್ಯಾಂಗೋ, ಸಿಕ್ಕಷ್ಟು ಕೂಲಿಗೆ ಹೋಗುತ್ತಾರೆ. ವರ್ಷಗಟ್ಟಲೆ ಕಾಯುವವರು ಪದವಿ ಮುಗಿಸಿ ಸರ್ಕಾರಿ ‘ಭರ್ತಿ’ಯ (ನೇಮಕಾತಿಯ) ಜಾಹೀರಾತು ನೋಡುವ ಹುಡುಗ, ಹುಡುಗಿಯರು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪಾಲುದಾರಿಕೆಯಲ್ಲಿ ಬಂದ 2024ರ ಭಾರತ ಉದ್ಯೋಗ ವರದಿಯೂ ಇದನ್ನೇ ಹೇಳುತ್ತದೆ. 2022ರಲ್ಲಿ ಪದವೀಧರ ಯುವಜನರಲ್ಲಿ ಶೇ 29.1ರಷ್ಟು ಮಂದಿ ನಿರುದ್ಯೋಗಿಗಳು. ಓದು–ಬರಹ ಬಾರದ ಯುವಜನರಲ್ಲಿ ಶೇ 3.4 ಮಾತ್ರ. ಬಡ ದೇಶಗಳಲ್ಲಿ ಬಹುಪಾಲು ಜನರಿಗೆ ನಿರುದ್ಯೋಗ ಭತ್ಯೆಯಿಲ್ಲ, ಅಪ್ಪನ ಹೊಲವೇ ಭತ್ಯೆ. ಅದು ಎಷ್ಟು ದಿನ ಅನ್ನ ಹಾಕೀತೋ ಅಷ್ಟು ದಿನ ಕಾಯಬಹುದು. ಸರ್ಕಾರಿ ಸಂಬಳಕ್ಕೂ ಹೊರಗಿನ ಸಂಬಳಕ್ಕೂ ಅಂತರ ಹೆಚ್ಚಿದಷ್ಟೂ, ಪರೀಕ್ಷೆ ಮುಂದಕ್ಕೆ ಹೋದಷ್ಟೂ ಕಾಯುವಿಕೆ ಉದ್ದವಾಗುತ್ತದೆ.

ಹಿಂದೆ ಈ ಭಾಗದವರಿಗೆ ಬಟ್ಟೆ ಗಿರಣಿಗಳಿದ್ದವು. 1877ರಲ್ಲಿ ಶುರುವಾದ ಸೊಲ್ಲಾಪುರದ ಜುನಿ ಗಿರಣಿ ಮುಚ್ಚಿತು, ಲಕ್ಷ್ಮಿ–ವಿಷ್ಣು ಗಿರಣಿಯೂ ಬಾಗಿಲು ಹಾಕಿತು. ಚಾದರ, ಟವೆಲ್ ನೇಯುವ ಮಗ್ಗಗಳು ಉಳಿದವಾದರೂ ಕಾಯಂ ಹಾಜರಿಯ ಭರವಸೆ ಉಳಿಯಲಿಲ್ಲ.

ಕೂಲಿಯವರ ಕೆಲಸವಿಲ್ಲದ ದಿನಗಳಿಗೆ ಮಿತಿ ಹಾಕಲು ಹೊರಟದ್ದೂ ಮಹಾರಾಷ್ಟ್ರವೇ. 1972ರ ಬರಗಾಲದ ವೇಳೆಗೆ ಬಂದ ಉದ್ಯೋಗ ಖಾತ್ರಿ ಯೋಜನೆ 2005ರ ಕೇಂದ್ರ ಕಾಯ್ದೆಗೆ ಮಾದರಿಯಾಯಿತು: ಕೆಲಸ ಕೇಳಿದ 15 ದಿನದೊಳಗೆ ಕೊಡಬೇಕು, ಇಲ್ಲದಿದ್ದರೆ ಭತ್ಯೆ ಕೊಡಬೇಕು ಎಂದು ಆ ಕಾಯ್ದೆ ಹೇಳಿತ್ತು. ಪದವೀಧರರ ಕಾಯುವಿಕೆಗೆ ಮಾತ್ರ ಇಂಥ ಗಡುವಿಲ್ಲ.

ಮಂದ್ರೂಪದಂಥ ಗಡಿ ಊರಿನ ಕನ್ನಡಿಗರಿಗೆ ಇನ್ನೊಂದು ತೊಡಕು. ಮಹಾರಾಷ್ಟ್ರದ ಸರ್ಕಾರಿ ನೌಕರಿಗೆ ಮರಾಠಿ ಬೇಕು. ಕನ್ನಡ ಶಾಲೆಯಲ್ಲಿ ಓದಿದವರು ಅಲ್ಲಿ ಒಂದು ಹೆಜ್ಜೆ ಹಿಂದಿನಿಂದ ಓಡಬೇಕು. ಕರ್ನಾಟಕದ ಸಿಇಟಿ ನಿಯಮಗಳು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದ ಕನ್ನಡ ಮಾತೃಭಾಷಿಕರಿಗೆ ವೃತ್ತಿಶಿಕ್ಷಣದ ಬಾಗಿಲು ತೆರೆದಿವೆ. ಆದರೆ ಓದು ಮುಗಿದ ಮೇಲೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ ಸಿಗುವ ‘ಯುವನಿಧಿ’ ಭತ್ಯೆ ಕರ್ನಾಟಕದ ನಿವಾಸಿಗಳಿಗಷ್ಟೇ.

ಹೀಗಾಗಿ ಮಂದ್ರೂಪದವರಿಗೆ ‘ಕೌಶಲ ಕಲಿಯಿರಿ’ ಎಂದರಷ್ಟೇ ಸಾಲದು. ಭರ್ತಿ ಪರೀಕ್ಷೆಗಳು ಹೇಳಿದ ತಾರೀಖಿಗೆ ನಡೆಯಲಿ, ಕನ್ನಡ ಶಾಲೆಯಲ್ಲೇ ಮರಾಠಿ ಗಟ್ಟಿಯಾಗಲಿ, ಸೀಟು ಕೊಟ್ಟ ರಾಜ್ಯ ನೌಕರಿಯ ಮಾಹಿತಿಯನ್ನೂ ಗಡಿಯಾಚೆ ತಲುಪಿಸಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾರ್ಖಾನೆ ಬರುವವರೆಗೆ ಕಾಯಬೇಕಿಲ್ಲ.