ಗುಡ್ಡಕ್ಕಾಗಿ ಬೀದಿಗಿಳಿದ ಪೀಠ

“ಅಜ್ಜಾರಿಗೆ ಇದೆಲ್ಲಾ ಯಾಕ ಬೇಕ್ರಿ? ಮಠದಾಗ ಪೂಜಾ, ಪ್ರಸಾದ ನೋಡಿಕೊಂಡಿದ್ರ ಸಾಕಾಗಿತ್ತಲ್ಲ?” ಮಠಾಧೀಶರೊಬ್ಬರು ಧರಣಿ ಕುಳಿತರೆ, ರೈತರ ಮೆರವಣಿಗೆಯ ಮುಂದೆ ನಡೆದರೆ ನಮ್ಮ ಊರುಗಳ ಕಟ್ಟೆಯ ಮೇಲೆ ಈ ಮಾತು ಬಂದೇ ಬರುತ್ತದೆ. ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಕೆಲವು ಹಿರಿಯರು ನಿಜವಾದ ಭಕ್ತಿಯಿಂದ ಕೇಳುತ್ತಾರೆ; ರಾಜಕಾರಣದ ಕೆಸರು ಕಾವಿಗೆ ಸಿಡಿದೀತೆಂಬ ಅಳುಕು ಅವರದು. ಇನ್ನು ಕೆಲವರಿಗೆ ಚುನಾವಣೆ ಬಂದಾಗ ಸ್ವಾಮಿಗಳು ತಮ್ಮ ವೇದಿಕೆಯ ಮೇಲಿರಬೇಕು, ಧರಣಿಯ ಚಾಪೆಯ ಮೇಲೆ ಮಾತ್ರ ಇರಬಾರದು. ಎರಡನೆಯವರಿಗೆ ಉತ್ತರ ಹೇಳುವ ಗೋಜಿಗೆ ನಾವು ಹೋಗುವುದಿಲ್ಲ. ಮೊದಲಿನವರ ಅಳುಕಿಗೆ ಮಾತ್ರ ಉತ್ತರ ಹೇಳಲೇಬೇಕು. ಅದಕ್ಕೆ ಶಾಸ್ತ್ರವಾಕ್ಯಗಳಿಗಿಂತ ನಮ್ಮ ಕಾಲದಲ್ಲಿಯೇ, ನಮ್ಮ ಸೀಮೆಯಲ್ಲಿಯೇ ನಡೆದುಹೋದ ಒಂದು ಸಂಗತಿಯನ್ನು ನೆನೆಯುವುದು ಲೇಸು.

2010ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಬಂಡವಾಳ ಹೂಡುವವರ ದೊಡ್ಡ ಸಮಾವೇಶ ನಡೆಯಿತು. ಅಲ್ಲಿ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯೊಡನೆ ರಾಜ್ಯ ಸರಕಾರ ಒಡಂಬಡಿಕೆ ಮಾಡಿಕೊಂಡಿತು. ವರ್ಷಕ್ಕೆ 60 ಲಕ್ಷ ಟನ್ ಉಕ್ಕು ತಯಾರಿಸುವ ಕಾರ್ಖಾನೆ. 32 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಬಂಡವಾಳ. ಅದಕ್ಕೆ ಗುರುತಿಸಿದ ಜಾಗ ಗದಗ ಜಿಲ್ಲೆ ಮುಂಡರಗಿ ತಾಲೂಕಿನ ಹಳ್ಳಿಗುಡಿ ಮತ್ತು ಸುತ್ತಲಿನ ಊರುಗಳ 3,382 ಎಕರೆ. ಆ ಸೀಮೆಯ ಎರಿ ಹೊಲವನ್ನು ನಮ್ಮ ಓದುಗರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟರೂ ಇಬ್ಬನಿ ಕುಡಿದು ಕಡಲೆ, ಬಿಳಿಜೋಳ ಕೊಡುವ ನೆಲ. ಮೇಲಾಗಿ ತುಂಗಭದ್ರೆಯ ನೀರು ಸಿಂಗಟಾಲೂರು ಏತ ನೀರಾವರಿಯಿಂದ ಇಂದೋ ನಾಳೆಯೋ ಬಂದೀತೆಂದು ದಾರಿ ಕಾಯುತ್ತಿದ್ದ ಸೀಮೆ. ನೀರು ಬರುವ ಹೊತ್ತಿಗೆ ನೋಟೀಸು ಬಂತು.

ಆಗ ಗದಗ-ಡಂಬಳ ಸಂಸ್ಥಾನಮಠದ ಜಗದ್ಗುರು ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ರೈತರೊಡನೆ ಬೀದಿಗಿಳಿದರು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅಂದು ಮುಖ್ಯಮಂತ್ರಿಯಾಗಿದ್ದವರು ನಮ್ಮ ಸಮಾಜದವರೇ ಆದ ಬಿ.ಎಸ್. ಯಡಿಯೂರಪ್ಪನವರು. ನಾಡಿನ ಮಠಗಳ ಮೇಲೆ ಅವರಿಗೆ ಭಕ್ತಿಯಿತ್ತು, ಮಠಗಳಿಗೂ ಅವರ ಮೇಲೆ ಅಭಿಮಾನವಿತ್ತು, ಸರಕಾರದಿಂದ ಅನುದಾನವೂ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ಪೀಠ ಆ ಸರಕಾರದ ಹೆಮ್ಮೆಯ ಯೋಜನೆಗೇ ಅಡ್ಡ ನಿಲ್ಲುವುದು ಸಣ್ಣ ಮಾತಲ್ಲ. “ನಮ್ಮವರೇ ಕುರ್ಚಿಯ ಮೇಲಿರುವಾಗ ನೀವೇ ಹೀಗೆ ಮಾಡಿದರೆ ಹೇಗೆ?” ಎಂಬ ಭಾವನೆ ಭಕ್ತವೃಂದದಲ್ಲಿಯೇ ಇತ್ತು. ಶ್ರೀಗಳು ಹಿಂದೆ ಸರಿಯಲಿಲ್ಲ. 2011ರ ಜುಲೈ ತಿಂಗಳಿನಲ್ಲಿ ಚಳವಳಿ ಬಲವಾಯಿತು. ಅದೇ ತಿಂಗಳು ಮುಖ್ಯಮಂತ್ರಿಗಳು ಹಳ್ಳಿಗುಡಿಯ ಭೂಸ್ವಾಧೀನವನ್ನು ಕೈಬಿಟ್ಟರು. ಎರಡು ವರ್ಷದ ನಂತರ, 2013ರಲ್ಲಿ, ಕಂಪನಿಯೂ ಕರ್ನಾಟಕದ ಆ ಯೋಜನೆಯಿಂದ ಹಿಂದೆ ಸರಿಯಿತು. ಕೇಳಿದವರ ಮಾತನ್ನು ಮನ್ನಿಸಿದ ಅಂದಿನ ಮುಖ್ಯಮಂತ್ರಿಗಳಿಗೂ ಸಲ್ಲಬೇಕಾದ ಗೌರವ ಸಲ್ಲಲಿ.

ಒಬ್ಬ ಸ್ವಾಮಿಗಳು ಹೇಳಿದರೆಂದು ಸರಕಾರವೊಂದು ಇಷ್ಟು ದೊಡ್ಡ ಕಾರ್ಖಾನೆಯನ್ನು ಬಿಡುತ್ತದೆಯೆ? ಬಿಡುವುದಿಲ್ಲ. ಸ್ವಾಮಿಗಳ ಹಿಂದೆ ಜನ ಇದ್ದರು. ಆ ಜನ ಒಂದು ದಿನದಲ್ಲಿ ಕೂಡಿದವರಲ್ಲ ಎಂಬುದನ್ನು ನಾವು ಇಲ್ಲಿ ತುಸು ನಿಧಾನಿಸಿ ನೋಡಬೇಕು. ಸಿದ್ಧಲಿಂಗ ಶ್ರೀಗಳು 1974ರಲ್ಲಿ ಪೀಠಕ್ಕೆ ಬಂದವರು. ಜಗದ್ಗುರುವನ್ನು ಹೆಗಲ ಮೇಲೆ ಹೊತ್ತು ಮೆರೆಸುವ ಅಡ್ಡಪಲ್ಲಕ್ಕಿಯನ್ನು ಬೇಡವೆಂದರು. ಮನುಷ್ಯನ ಹೆಗಲಿನ ಮೇಲೆ ಮನುಷ್ಯ ಕೂರುವುದು ಬಸವಣ್ಣನವರ ಹಾದಿಯಲ್ಲ ಎಂಬುದು ಅವರ ನಿಲುವು. ಸೋಮವಾರದ ಶಿವಾನುಭವದಲ್ಲಿ ಎಲ್ಲ ಜಾತಿ ಮತಗಳವರನ್ನು ಕೂಡಿಸಿ ಮಾತನಾಡಿಸಿದರು. 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡದ ಪರವಾಗಿ ನಿಂತರು. ಮಠದ ಜಾತ್ರೆಯ ಹೊಣೆಯನ್ನು ಮುಸಲ್ಮಾನ ಬಾಂಧವರಿಗೂ ಒಪ್ಪಿಸಿದರು. 2001ರಲ್ಲಿ ಕೇಂದ್ರ ಸರಕಾರದ ಕೋಮು ಸೌಹಾರ್ದ ಪ್ರಶಸ್ತಿ ಅವರಿಗೆ ಬಂದದ್ದು ಸುಮ್ಮನೆ ಅಲ್ಲ.

ಇನ್ನು ಡಂಬಳದ ರೊಟ್ಟಿ ಜಾತ್ರೆ. ಜೋಳದ ರೊಟ್ಟಿ, ಕರಿಂಡಿ, ಭಜ್ಜಿ. ಊರ ಮನೆಮನೆಯಲ್ಲಿ ರೊಟ್ಟಿ ಬಡಿದು ತರುವವರಲ್ಲಿ ಇಂಥ ಜಾತಿಯವರೇ ಎಂಬುದಿಲ್ಲ, ಒಂದೇ ಕಡೆ ಕುಳಿತು ಉಣ್ಣುವವರಲ್ಲಿಯೂ ಇಲ್ಲ. ಇದನ್ನು ನೋಡದವರು ಒಮ್ಮೆ ಹೋಗಿ ನೋಡಬೇಕು. ಬರೀ ಊಟದ ಜಾತ್ರೆಯೆಂದು ನಗುವವರುಂಟು. ಆದರೆ ಒಂದೇ ಪಂಕ್ತಿಯಲ್ಲಿ ರೊಟ್ಟಿ ಮುರಿದವರು ಮುಂದೊಂದು ದಿನ ಒಂದೇ ಚಾಪೆಯ ಮೇಲೆ ಧರಣಿ ಕೂಡಲು ಹಿಂಜರಿಯಲಿಲ್ಲ. ಪೀಠದ ಮೇಲೆ ಕುಳಿತು ವರ್ಷಕ್ಕೊಮ್ಮೆ ದರ್ಶನ ಕೊಡುವ ಸ್ವಾಮಿಗಳು ಕರೆದರೆ ಜನ ಬಂದಾರು, ಕಾಯಿ ಒಡೆದು ಹೋದಾರು. ರಾತ್ರಿ ಕೂಡುವುದಿಲ್ಲ.

ಶ್ರೀಗಳ ಎಲ್ಲ ನಿಲುವುಗಳನ್ನೂ ಒಪ್ಪದವರು ನಮ್ಮ ಓದುಗರಲ್ಲಿ ಇದ್ದಾರೆಂಬುದನ್ನು ನಾವು ಬಲ್ಲೆವು. ಧರ್ಮದ ಹೆಸರು, ಪರಂಪರೆಯ ಪ್ರಶ್ನೆಗಳಲ್ಲಿ ಅವರೊಡನೆ ಗಟ್ಟಿಯಾಗಿ ವಾದಿಸಿದವರೂ ಇದ್ದಾರೆ. ಆ ಚರ್ಚೆಗೆ ಬೇರೆ ಸಂದರ್ಭವಿದೆ. ಗುಡ್ಡದ ವಿಷಯದಲ್ಲಿ ಮಾತ್ರ ಅವರೂ ಇವರೂ ಕೂಡಿಯೇ ನಿಂತರು.

ಹೌದು, ಹಳ್ಳಿಗುಡಿಗೆ ಅದು ಮುಗಿಯಲಿಲ್ಲ. ಗುಡ್ಡದ ಸರದಿ ಬಂತು. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ನಮ್ಮ ನಾಟಿ ವೈದ್ಯರು ಔಷಧಿಯ ಉಗ್ರಾಣವೆಂದು ನಂಬಿದ್ದಾರೆ. ಕಪ್ಪತ ಮಲ್ಲೇಶ್ವರನ ಸನ್ನಿಧಿ, ನಂದಿವೇರಿ ಮಠ ಅಲ್ಲಿವೆ. ಅದೇ ಗುಡ್ಡದ ಹೊಟ್ಟೆಯಲ್ಲಿ ಕಬ್ಬಿಣವಿದೆ, ಮ್ಯಾಂಗನೀಸ್ ಇದೆ, ಚಿನ್ನವೂ ಇದೆ; ಕಬಲಾಯತಕಟ್ಟಿಯ ಕಡೆ ಬ್ರಿಟಿಷರ ಕಾಲದಲ್ಲಿಯೇ ಚಿನ್ನಕ್ಕಾಗಿ ಅಗೆದ ಗುರುತುಗಳಿವೆ. ಪಕ್ಕದ ಬಳ್ಳಾರಿಯಲ್ಲಿ ಗಣಿಗಾರಿಕೆ ಏನು ಮಾಡಿತೆಂಬುದನ್ನು ಕಣ್ಣಾರೆ ಕಂಡ ಜನಕ್ಕೆ ಇದು ಭಾಗ್ಯವಾಗಿ ತೋರಲಿಲ್ಲ. 2015ರ ಡಿಸೆಂಬರಿನಲ್ಲಿ ಸರಕಾರ 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿತು. ಜನ ನಿಟ್ಟುಸಿರು ಬಿಟ್ಟರು. ವರ್ಷ ತುಂಬುವುದರೊಳಗೆ, 2016ರ ನವೆಂಬರಿನಲ್ಲಿ, ಅದೇ ಸರಕಾರ ಆ ಆದೇಶವನ್ನು ಹಿಂದೆ ಪಡೆಯಿತು!

ಆಗಲೂ ತೋಂಟದ ಶ್ರೀಗಳು ಮುಂದೆ ನಿಂತರು. ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು ಮೊದಲಿನಿಂದಲೂ ಗುಡ್ಡದ ಕಾವಲಿಗಿದ್ದರು. ಧಾರವಾಡ ಸೀಮೆಯಲ್ಲಿ ಬಹುಕಾಲದಿಂದ ಜನಪರ ಹೋರಾಟ ನಡೆಸಿದ ಎಸ್.ಆರ್. ಹಿರೇಮಠರು ಕೈಗೂಡಿಸಿದರು. ಅವರ ಸಮಾಜ ಪರಿವರ್ತನ ಸಮುದಾಯವೇ 1987ರಲ್ಲಿ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಮಾಡಿಸಿತ್ತು. ಊರ ಗೋಮಾಳದಲ್ಲಿ ನೆಟ್ಟ ನೀಲಗಿರಿ ಸಸಿಗಳನ್ನು ಜನ ಕಿತ್ತು, ದನಕ್ಕೂ ಮನೆಗೂ ಉಪಯೋಗಕ್ಕೆ ಬರುವ ಸಸಿಗಳನ್ನು ಅಲ್ಲೇ ಹಚ್ಚಿದ್ದು ಹಳಬರಿಗೆ ನೆನಪಿರಬಹುದು. 2017ರ ಫೆಬ್ರವರಿಯಲ್ಲಿ ಗದುಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಕಾವಿಯವರು, ಹಸಿರು ಶಾಲಿನವರು, ಸಾಹಿತಿಗಳು, ಶಾಲೆಯ ಮಕ್ಕಳು ಎಲ್ಲರೂ ಬಂದರು. ಆ ವರ್ಷ ಏಪ್ರಿಲ್‌ನಲ್ಲಿ ಗುಡ್ಡ ಮತ್ತೆ ಮೀಸಲು ಪ್ರದೇಶವಾಯಿತು. 2018ರ ಅಕ್ಟೋಬರಿನಲ್ಲಿ ಶ್ರೀಗಳು ಲಿಂಗೈಕ್ಯರಾದರು. ಮರುವರ್ಷ, 2019ರಲ್ಲಿ, ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಸುಮಾರು 244 ಚದರ ಕಿಲೋಮೀಟರ್. ಅದನ್ನು ನೋಡಲು ಅವರಿರಲಿಲ್ಲ.

ಈಗ ಹಿರಿಯರ ಅಳುಕಿನ ಮಾತಿಗೆ ಬರೋಣ. ಧರ್ಮಕ್ಕೂ ಇದಕ್ಕೂ ಏನು ಸಂಬಂಧ? ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಮ್ಮ ತಾಯಂದಿರಿಗೆಲ್ಲ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇವತ್ತಿಗೆ ಬೇಕಾದದ್ದಕ್ಕಿಂತ ಮಿಕ್ಕಿದ್ದು ನಮ್ಮದಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹೊರಳಿ ಕಳಿಸಿದರು. ಕದ್ದ ಅಕ್ಕಿಯಲ್ಲ, ನೆಲಕ್ಕೆ ಬಿದ್ದ ಅಕ್ಕಿ, ಕೇಳುವವರೂ ಇಲ್ಲ. ಆದರೂ ಲಕ್ಕಮ್ಮನವರಿಗೆ ಅದು ಬೇಡವಾಯಿತು. ನಾವು ಪುರಾಣದಲ್ಲಿ ಈ ಪ್ರಸಂಗ ಬಂದಾಗ ಕೈಮುಗಿದು ಮನೆಗೆ ಹೋಗುತ್ತೇವೆ. ಒಂದು ಗುಡ್ಡದ ಹೊಟ್ಟೆಯನ್ನು ಒಂದೇ ತಲೆಮಾರು ಬಗೆದು ಮಾರಿಕೊಳ್ಳುವಾಗ ಲಕ್ಕಮ್ಮನವರು ಬಾಗಿಲಲ್ಲಿ ನಿಂತು ಏನು ಕೇಳುತ್ತಿದ್ದರು ಎಂದು ಎಣಿಸುವುದಿಲ್ಲ.

ಕಲ್ಯಾಣದಲ್ಲಿ ಶರಣರು ಅರಮನೆಯ ಕಡೆ ಮುಖಮಾಡದೆ ಬರೀ ಪೂಜೆ ಮಾಡಿಕೊಂಡಿದ್ದರೆ ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆ ಬರುತ್ತಿರಲಿಲ್ಲ. ಬಸವಣ್ಣನವರಂತೂ ಬಿಜ್ಜಳನ ಭಂಡಾರವನ್ನೇ ನೋಡಿಕೊಂಡವರು. ರಾಜ್ಯಭಾರದಿಂದ ಅವರು ದೂರ ಇರಲಿಲ್ಲ. ಅದರಿಂದ ತಮಗಾಗಿ ಏನನ್ನೂ ಕೇಳಲಿಲ್ಲ, ಅಷ್ಟೆ.

ಈ ‘ತಮಗಾಗಿ’ ಎಂಬಲ್ಲಿಯೇ ಇಂದಿನ ನಮ್ಮ ಮಠಗಳಿಗೆ ಮುಳ್ಳು ಚುಚ್ಚುತ್ತದೆ. ಯಾರನ್ನು ಮಂತ್ರಿ ಮಾಡಬೇಕು, ಯಾರ ಕುರ್ಚಿ ಕೀಳಬಾರದು, ಯಾವ ಒಳಪಂಗಡಕ್ಕೆ ಎಷ್ಟು ಪಾಲು ಎಂದು ಕಾವಿಧಾರಿಗಳು ರಾಜಧಾನಿಯಲ್ಲಿ ಸಾಲುಗಟ್ಟಿ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ, ನಾಚಿದ್ದೇವೆ. ಹೆಸರು ಹೇಳುವುದು ಬೇಡ. ಹಿರಿಯರು “ಇದೆಲ್ಲಾ ಯಾಕ ಬೇಕ್ರಿ” ಎಂದು ಕೇಳಬೇಕಾದದ್ದು ಅಲ್ಲಿ. ಪೀಠಕ್ಕೆ ಏನೂ ಕೊಡಲಾರದವನ ಪಕ್ಕದಲ್ಲಿ ಪೀಠ ಕುಳಿತಾಗ ಅಲ್ಲ. ಕೊಪ್ಪಳದಲ್ಲಿ 2025ರ ಫೆಬ್ರವರಿ 24ರಂದು ಊರಿಗೆ ಊರೇ ಅಂಗಡಿ ಮುಚ್ಚಿ, ಪಟ್ಟಣದ ಅಂಚಿನ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಬೀದಿಗೆ ಬಂದಾಗ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಜನರ ಪರವಾಗಿ ಮಾತನಾಡಿದರು. ಗಿಣಿಗೇರಿಯ ಕಡೆಯ ಹೊಲಗಳಲ್ಲಿ ಬೆಳೆಯ ಮೇಲೆ ಕಪ್ಪು ಬೂದಿ ಕುಳಿತದ್ದನ್ನು ಕಂಡವರಿಗೆ ಆ ಮಾತಿನ ತೂಕ ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಮನಸ್ಸನ್ನು ಕೊರೆಯುವ ಒಂದು ಸಂಗತಿಯನ್ನು ಹೇಳದಿದ್ದರೆ ಲಿಂಗ ಮೆಚ್ಚದು. ಹಳ್ಳಿಗುಡಿಯ ಸುತ್ತ ಭೂಮಿ ಕೊಡಲು ಒಪ್ಪಿದ್ದ ರೈತರೂ ಇದ್ದರು. ಅವರನ್ನು ಕಂಪನಿಯ ಕೈಗೂಸುಗಳೆಂದು ಕೆಲವರು ಜರಿದದ್ದುಂಟು, ಅದು ತಪ್ಪು. ಮೂರು ವರ್ಷ ಬರ, ಒಂದು ವರ್ಷ ಬೆಳೆ, ಬೆಳೆ ಬಂದ ವರ್ಷ ಬೆಲೆ ಇಲ್ಲ. ಮಗಳ ಮದುವೆಗೆ ಮಾಡಿದ ಸಾಲ, ಗೋವಾಕ್ಕೂ ಮಂಗಳೂರಿಗೂ ದುಡಿಯಲು ಹೋಗುವ ಮಗ. ಅಂಥವನಿಗೆ ಎಕರೆಗೆ ಇಷ್ಟು ಲಕ್ಷ ಎಂದಾಗ ಆಸೆಯಾದರೆ ಅದು ಲೋಭವೆ? ಅವನ ಕೈಗೆ ಬರಲಿದ್ದ ದುಡ್ಡನ್ನು ನಾವು, ನಾವು ಎಂದರೆ ಮಠ, ಭಕ್ತರು, ಪತ್ರಿಕೆ ಎಲ್ಲರೂ, ತಡೆದೆವು. ಮುಂದಿನ ಮಕ್ಕಳಿಗಾಗಿ ತಡೆದದ್ದು ಸರಿಯೆಂದೇ ನಮ್ಮ ನಂಬಿಕೆ. ಗುಡ್ಡದ ವಿಷಯವೂ ಹಾಗೆಯೇ. ಮೀಸಲು ಪ್ರದೇಶಕ್ಕಿಂತ ವನ್ಯಜೀವಿಧಾಮದ ಕಟ್ಟಳೆ ಬಿಗಿ. ತಲೆತಲಾಂತರದಿಂದ ಅಲ್ಲಿ ಕುರಿ ಮೇಯಿಸಿದ ಹಾಲುಮತದ ಬಂಧು, ಬೇರು ಸೊಪ್ಪು ತರುವ ವೈದ್ಯ ಅರಣ್ಯ ಇಲಾಖೆಯ ಕಡೆ ಅಳುಕಿನಿಂದ ನೋಡಿದರೆ ಅವರನ್ನು ಗುಡ್ಡದ ವೈರಿಗಳೆನ್ನಲಾಗದು. ಧರಣಿಯ ದಿನ ಅವರೂ ನಮ್ಮ ಪಕ್ಕದಲ್ಲಿಯೇ ಕುಳಿತಿದ್ದವರು.

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಎಂದು ತಿಳಿದರೆ ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಹಾಗಲ್ಲವೆಂದಾದರೆ, ಹೊಲ ಉಳಿಸಿಕೊಟ್ಟ ಮಠ ಆ ಹೊಲದ ಕಡಲೆಗೆ ಬೆಲೆ ಸಿಗುವ ಮಾತನ್ನೂ ಆಡಬೇಕಾಗುತ್ತದೆ. ಖರೀದಿ ಕೇಂದ್ರದ ಮುಂದೆ ರೈತ ರಾತ್ರಿಯಿಡೀ ಚೀಲ ಕಾಯುವಾಗ, ಕುರಿಗಾಹಿ ಅರಣ್ಯ ಕಚೇರಿಯ ಬಾಗಿಲಲ್ಲಿ ನಿಂತಾಗ, ಅಲ್ಲಿ ಕ್ಯಾಮೆರಾ ಇರುವುದಿಲ್ಲ, ಮೆರವಣಿಗೆಯೂ ಇರುವುದಿಲ್ಲ. ಮುಂದಿನ ಸೋಮವಾರದ ಶಿವಾನುಭವಕ್ಕೆ ಹೋಗುವ ಹಿರಿಯರು ಈ ಪ್ರಶ್ನೆಯನ್ನು ಅಲ್ಲಿಯೇ ಎತ್ತಲಿ. ಕಟ್ಟೆಯ ಮೇಲೆ ಬೇಡ, ಶ್ರೀಗಳ ಸಮ್ಮುಖದಲ್ಲಿ, ಹಳ್ಳಿಗುಡಿಯಿಂದ ಅಂದು ಭೂಮಿ ಕೊಡುತ್ತೇನೆಂದಿದ್ದ ಒಬ್ಬ ರೈತನನ್ನೂ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂಡಿಸಿಕೊಂಡು.